ಮೂಲ್ಕಿಗೆ ಸರ್ಫಿಂಗ್ ಕಲಿಯೋಕೆ ಹೋಗಿ ಬಂದೆವು, ಗಾಳಿ ವಿಷಯ ಹೇಳಲೇಬೇಕು

ಕುವೆಂಪುನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಎಲ್ಲಿಗೆ ಹೋಗೋದು ಅಂತ ಇಲ್ಲೇ ಕೇಳಿದ್ದೆ. ಊಟಿ, ಮುನ್ನಾರ್, ಗೋವಾ ಅಂತ ತುಂಬಾ ಜನ ಹೇಳಿದ್ದಿರಿ. ಅವಳದು ಮಾತ್ರ ಒಂದೇ ಹಟ, ಸರ್ಫಿಂಗ್ ಕಲಿಯಬೇಕು, ಅಂದರೆ ಉದ್ದನೆಯ ಬೋರ್ಡ್ ಮೇಲೆ ನಿಂತು ಕಡಲ ತೆರೆಯ ಸವಾರಿ ಮಾಡಬೇಕು ಅಂತ. ಕೊನೆಗೆ ಮೂಲ್ಕಿಗೆ ಹೋಗಿ ಮೂರು ರಾತ್ರಿ ಇದ್ದು ಬಂದೆವು. ಹೇಳೋದು ಬಹಳ ಇದೆ. ಮೊದಲು ಗಾಳಿ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ಅದು ಗೊತ್ತಿಲ್ಲದೆ ನಮ್ಮ ಒಂದು ದಿನ ಪೂರ್ತಿ ಹಾಳಾಯಿತು.

ಶುಕ್ರವಾರ ಬೆಳಗಿನ ಜಾವ ಐದಕ್ಕೆ ಮೈಸೂರು ಬಿಟ್ಟೆವು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು, ಮಂಗಳೂರು. ಅಲ್ಲಿಂದ ಉಡುಪಿ ಕಡೆಗೆ ಮೂವತ್ತು ಕಿ.ಮೀ. ಹೋದರೆ ಮೂಲ್ಕಿ. ಒಟ್ಟು 280 ಕಿ.ಮೀ. ಆಸುಪಾಸು. ತಿಂಡಿಗೆ, ಘಾಟಿಯಲ್ಲಿ ಮಗಳಿಗೆ ವಾಂತಿ ಬಂದಿದ್ದಕ್ಕೆ ಎಲ್ಲ ನಿಲ್ಲಿಸಿಕೊಂಡು ಹೋಗಿ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ಆ ದಿನ ಮಲಗಿದೆವು ಅಷ್ಟೇ.

ಶನಿವಾರ ಒಂದು ಕಡೆ ಪಾಠಕ್ಕೆ ಹೆಸರು ಕೊಟ್ಟಿದ್ದೆವು. ಅವರು ಯಾರು ಅಂತ ಹೇಳೋದು ಬೇಡ. ಅವರು ನಮ್ಮನ್ನು ನೀರಿಗೆ ಇಳಿಸಿದ್ದು ಹನ್ನೊಂದು ಗಂಟೆಗೆ. ಬೋರ್ಡ್ ಎತ್ತಿಕೊಂಡು ಮರಳಲ್ಲಿ ನಡೆಯುವಾಗಲೇ ಗಾಳಿ ಅದನ್ನು ಬಾಗಿಲು ತಿರುಗಿಸಿದ ಹಾಗೆ ತಿರುಗಿಸುತ್ತಿತ್ತು. ನೀರಲ್ಲಿ ತೆರೆಗೆ ಒಂದು ಆಕಾರವೇ ಇರಲಿಲ್ಲ. ಎಲ್ಲ ಕಡೆಯಿಂದ ನೊರೆ, ಎರಚಾಟ. ಮಗಳು ಮೂಗಿನಲ್ಲಿ ಉಪ್ಪುನೀರು ತುಂಬಿಸಿಕೊಂಡು ಅಳುತ್ತಾ ಎದ್ದು ಬಂದಳು. ನನ್ನ ಮೊಣಕಾಲಿಗೆ ಬೋರ್ಡ್ ಬಡಿದು ಊದಿಕೊಂಡಿತು. ಒಬ್ಬರು ತರಬೇತುದಾರರಿಗೆ ಎಂಟು ಜನ ನಾವು.

ದಡದಲ್ಲಿ ಬಲೆ ರಿಪೇರಿ ಮಾಡುತ್ತಾ ಕೂತಿದ್ದ ಹಿರಿಯರೊಬ್ಬರು ನನ್ನ ಮೊಣಕಾಲು ನೋಡಿ, "ಈಗ ಗಾಳಿ ತಿರುಗಿ ಆಗಿದೆ ಅಮ್ಮ. ನಾಳೆ ಬೆಳಿಗ್ಗೆ ಬೇಗ ಬನ್ನಿ, ಕಡಲು ಬೇರೆಯೇ ಇರ್ತದೆ" ಅಂದರು.

ಭಾನುವಾರ ಬೇರೆ ಕಡೆ ಕೇಳಿಕೊಂಡು ಆರೂಕಾಲಕ್ಕೆ ಹೋದೆವು. ಅದೇ ಜಾಗ ಅಂತ ನಂಬೋಕೆ ಆಗಲಿಲ್ಲ. ತೆರೆಗಳು ಒಂದರ ಹಿಂದೆ ಒಂದು, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಸಾಲಾಗಿ ಬರುತ್ತಿದ್ದವು. ಗಾಳಿ ಕುತ್ತಿಗೆಯ ಹಿಂದಿನಿಂದ ತಣ್ಣಗೆ ಬರುತ್ತಿತ್ತು, ಅಂದರೆ ನೆಲದ ಕಡೆಯಿಂದ. ತರಬೇತಿ ಕೊಡುವ ಹುಡುಗ ಮೊದಲು ಮರಳಲ್ಲಿ ಬೋರ್ಡಿನ ಚಿತ್ರ ಬರೆದು, ಅದರ ಮೇಲೆ ಬೋರಲು ಮಲಗಿಸಿ, ಎದ್ದು ನಿಲ್ಲೋದನ್ನು ಇಪ್ಪತ್ತು ಸಲ ಮಾಡಿಸಿದ. ಆಮೇಲೆ ನೀರು. ಮಗಳು ಎಷ್ಟು ಸಲ ಬಿದ್ದಳೋ ಲೆಕ್ಕ ಇಲ್ಲ. ಎಂಟು ಗಂಟೆ ಸುಮಾರಿಗೆ ಒಂದು ಸಲ ನಿಂತಳು. ಮೂರು ಸೆಕೆಂಡ್ ಇರಬಹುದು. ಎರಡೂ ಕೈ ಅಗಲಿಸಿ, ಬಾಯಿ ತೆರೆದುಕೊಂಡು, ನನ್ನ ಕಡೆಗೇ ಬರುತ್ತಿದ್ದಳು. ಆ ಮುಖ ನಾನು ಮರೆಯೋದಿಲ್ಲ.

ಒಂಬತ್ತೂವರೆಗೆ ಗಾಳಿ ನಿಂತೇ ಹೋಯಿತು, ತೆಂಗಿನ ಗರಿ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಗರಿಗಳು ಊರ ಕಡೆಗೆ ಬಾಗತೊಡಗಿದವು, ಗಾಳಿ ಮುಖಕ್ಕೆ ಬಂತು. "ಇನ್ನು ಸಾಕು" ಅಂದ ಆ ಹುಡುಗ. ಹತ್ತೂವರೆಗೆ ನೋಡಿದರೆ ಶನಿವಾರದ ಅದೇ ಕಡಲು.

ಹೋಗುವವರು ಇದೊಂದು ನೆನಪಿಟ್ಟುಕೊಳ್ಳಿ. ಪಾಠ ಎಷ್ಟು ಗಂಟೆಗೆ ಅಂತ ಮೊದಲು ಕೇಳಿ, ದುಡ್ಡು ಆಮೇಲೆ ಕಟ್ಟಿ.


ಹೆಬ್ಬಾಳ ರಿಂಗ್ ರೋಡ್

ಅಕ್ಕಾ, ಓದಿ ತುಂಬಾ ಖುಷಿಯಾಯಿತು. ಎರಡು ಪ್ರಶ್ನೆ. ನನಗೆ ಈಜು ಅಷ್ಟಕ್ಕಷ್ಟೇ, ಆದರೂ ಹೋಗಬಹುದಾ? ಕಾರ್ ಇಲ್ಲ, ಘಾಟಿಯಲ್ಲಿ ಬಸ್ ಆಗಲ್ಲ. ರೈಲು ಇದೆಯಾ?


ಹಳೆಯಂಗಡಿ ಮಗಳು, ಮೈಸೂರು ಸೊಸೆ

ನನ್ನ ತವರಿನ ಸುದ್ದಿ ಇಲ್ಲಿ ನೋಡಿ ಕಣ್ಣು ತುಂಬಿ ಬಂತು. ರೈಲಿನ ವಿಷಯ ನಾನು ಹೇಳುತ್ತೇನೆ. ಬೆಂಗಳೂರು–ಮುರ್ಡೇಶ್ವರ ಎಕ್ಸ್‌ಪ್ರೆಸ್ ಮೈಸೂರು ಮೇಲೆ ಹೋಗುತ್ತದೆ. ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರಸ್ತೆ ದಾಟಿ ಮಂಗಳೂರು. ರಾತ್ರಿ ಮಲಗಿದರೆ ಬೆಳಿಗ್ಗೆ ಕರಾವಳಿ. ವೇಳಾಪಟ್ಟಿ ಆಗಾಗ ಬದಲಾಗುತ್ತೆ, ಬುಕ್ ಮಾಡುವಾಗ ನೋಡಿಕೊಳ್ಳಿ. ಮೂಲ್ಕಿಗೇ ಕೊಂಕಣ ರೈಲ್ವೆಯ ನಿಲ್ದಾಣ ಇದೆ. ಮಂಗಳೂರಲ್ಲಿ ಇಳಿದರೂ ತೊಂದರೆ ಇಲ್ಲ, ಉಡುಪಿ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇರುತ್ತವೆ. ಹಳೆಯಂಗಡಿಯಲ್ಲಿ ಇಳಿದರೆ ಸಸಿಹಿತ್ಲು ಹತ್ತಿರ, ಮುಂದೆ ಹೋದರೆ ಮೂಲ್ಕಿ.

ಸಸಿಹಿತ್ಲು ನೋಡದೆ ಬರಬೇಡಿ. ಶಾಂಭವಿ, ನಂದಿನಿ ಎರಡೂ ಹೊಳೆ ಒಂದಾಗಿ ಕಡಲು ಸೇರುವ ಜಾಗ. ನಾವು ಅದಕ್ಕೆ ಅಳಿವೆ ಬಾಗಿಲು ಅನ್ನುತ್ತೇವೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ನಾಲಿಗೆಯ ಹಾಗೆ ಮರಳು. 2024, 2025 ಎರಡು ವರ್ಷವೂ ಮೇ ಕೊನೆಯಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದದ್ದು ಅಲ್ಲೇ. ಮಳೆಗಾಲ ಹತ್ತಿರ ಬಂದಾಗ ತೆರೆ ದೊಡ್ಡದಾಗುತ್ತೆ, ಅದಕ್ಕೇ ಆ ಸಮಯ. ಕಲಿಯುವವರು ಆಗ ದಡದಲ್ಲಿ ಕೂತು ನೋಡಿ ಸಾಕು. ಕಲಿಯೋಕೆ ಅಕ್ಟೋಬರ್‌ನಿಂದ ಮಾರ್ಚ್ ಒಳ್ಳೆಯದು, ತೆರೆ ಸಣ್ಣದಿರುತ್ತೆ, ಬೆಳಗಿನ ಗಾಳಿ ಸಿಗುತ್ತೆ.

ನಮ್ಮ ಕಡೆ ಇದು ಶುರುವಾದದ್ದು 2004ರಲ್ಲಿ, ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್‌ನಿಂದ. ದೇಶದ ಮೊದಲ ಸರ್ಫ್ ಕ್ಲಬ್ ಅಂತ ಅದಕ್ಕೆ ಹೆಸರು. ಶುರು ಮಾಡಿದ್ದು ಒಂದು ಆಶ್ರಮ. ಅಲ್ಲಿನ ಜ್ಯಾಕ್ ಹೆಬ್ನರ್ ಅವರನ್ನು ಎಲ್ಲರೂ ಸರ್ಫಿಂಗ್ ಸ್ವಾಮಿ ಅಂತಲೇ ಕರೆಯೋದು. ಬೆಳಿಗ್ಗೆ ಜಪ, ಆಮೇಲೆ ಕಡಲು. ಆಗ ನಮ್ಮ ಮನೆಗಳಲ್ಲಿ "ಇವರಿಗೆ ಏನಾಗಿದೆ" ಅಂತ ಮಾತಾಡುತ್ತಿದ್ದರು. ಈಗ ನಮ್ಮ ಕೇರಿಯ ಮೀನು ಹಿಡಿಯುವ ಮೊಗವೀರರ ಮಕ್ಕಳೇ ಕಲಿಸುತ್ತಾರೆ. ಅವರಿಗೆ ಕಡಲು ಓದೋದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ವಿನಂತಿ. ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರೆ ಆ ಕಡೆ ಬೋರ್ಡ್ ತೆಗೆದುಕೊಂಡು ಹೋಗಬೇಡಿ. ಎರಡೂ ಕಡೆ ಸಾಲಾಗಿ ನಿಂತು ಹಗ್ಗ ಎಳೆಯುತ್ತಿರುತ್ತಾರಲ್ಲ, ಅದೇ. ಬಲೆ ನೀರಿನೊಳಗೆ ದೂರದವರೆಗೆ ಅರ್ಧ ಚಂದ್ರದ ಹಾಗೆ ಹರಡಿಕೊಂಡಿರುತ್ತೆ. ಬೋರ್ಡನ್ನು ನಿಮ್ಮ ಕಾಲಿಗೆ ಕಟ್ಟಿರುವ ಹಗ್ಗ ಅದಕ್ಕೆ ಸಿಕ್ಕಿಕೊಂಡರೆ ನಿಮಗೂ ಅಪಾಯ, ಅವರ ಅವತ್ತಿನ ದುಡಿಮೆಯೂ ಹೋಯಿತು. ಬಲೆ ಮೇಲೆ ಬಂದ ಮೇಲೆ ಹೋಗಿ ಮಾತಾಡಿಸಿ. ಬೂತಾಯಿ, ಬಂಗುಡೆ ಮೀನು ಅಲ್ಲೇ ಕೊಡುತ್ತಾರೆ.


ನಿವೃತ್ತ ಮೇಷ್ಟ್ರು, ಜಯಲಕ್ಷ್ಮೀಪುರಂ

ನಾನು ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಕುವೆಂಪುನಗರದ ಅಮ್ಮ ಕಣ್ಣಾರೆ ಕಂಡದ್ದು ಪುಸ್ತಕದಲ್ಲಿರುವ ಭೂಗಾಳಿ, ಸಮುದ್ರಗಾಳಿಯೇ. ಹಗಲಲ್ಲಿ ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಆಗ ಉಲ್ಟಾ. ಅದಕ್ಕೇ ಬೆಳಗಿನ ಹೊತ್ತು ಗಾಳಿ ದಡದಿಂದ ಕಡಲಿಗೆ. ಬರುತ್ತಿರುವ ತೆರೆಯ ಎದೆಗೆ ಕೈ ಕೊಟ್ಟು ಹಿಡಿದ ಹಾಗೆ ಅದು ತಡೆಯುತ್ತದೆ. ತೆರೆ ಸ್ವಲ್ಪ ಹೊತ್ತು ಜಾಸ್ತಿ ನೆಟ್ಟಗೆ ನಿಲ್ಲುತ್ತದೆ, ನುಣುಪಾಗಿರುತ್ತದೆ. ಹತ್ತು ಗಂಟೆ ಮೇಲೆ ಗಾಳಿ ತೆರೆಯ ಬೆನ್ನಿಗೆ ಬೀಳುತ್ತದೆ. ತೆರೆ ಹೊತ್ತಿಗೆ ಮೊದಲೇ ಮಗುಚುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಆ ತೆರೆಯನ್ನು ಎಬ್ಬಿಸಿದ್ದು ಮೂಲ್ಕಿಯ ಗಾಳಿ ಅಲ್ಲ. ಸಾವಿರಾರು ಕಿ.ಮೀ. ದೂರದಲ್ಲಿ, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಯಾವುದೋ ಬಿರುಗಾಳಿ ಎಬ್ಬಿಸಿದ ಅಲೆ ದಿನಗಟ್ಟಲೆ ಪಯಣ ಮಾಡಿ ಬಂದಿರುತ್ತದೆ. ನೀರು ಅಲ್ಲಿಂದ ಇಲ್ಲಿಗೆ ಬರುವುದಿಲ್ಲ, ಬರುವುದು ಶಕ್ತಿ ಮಾತ್ರ. ಭತ್ತದ ಗದ್ದೆ ಮೇಲೆ ಗಾಳಿ ಬೀಸಿದಾಗ ಅಲೆ ಹೋಗುತ್ತದೆ, ಪೈರು ನಿಂತಲ್ಲೇ ಇರುತ್ತದೆ, ಅಲ್ವಾ? ಹಾಗೆ. ದಡದ ಹತ್ತಿರ ಆಳ ಕಡಿಮೆಯಾದಾಗ ಅಲೆಯ ಕಾಲು ನೆಲಕ್ಕೆ ತಾಗುತ್ತದೆ, ತಲೆ ಮುಂದಕ್ಕೆ ಬೀಳುತ್ತದೆ. ಲೆಕ್ಕ ಬೇಕಾದವರಿಗೆ: ಒಂದು ಮೀಟರ್ ಎತ್ತರದ ಅಲೆ ಹೆಚ್ಚು ಕಡಿಮೆ 1.3 ಮೀಟರ್ ಆಳದಲ್ಲಿ ಮುರಿಯುತ್ತದೆ.

ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಪ್ರತಿದಿನ ಅಲೆಯ ಎತ್ತರ, ಎರಡು ಅಲೆಗಳ ನಡುವಿನ ಸಮಯ, ದಿಕ್ಕು ಎಲ್ಲವನ್ನೂ ಅಂತರ್ಜಾಲದಲ್ಲಿ ಹಾಕುತ್ತದೆ. ಹೋಗುವ ಮೊದಲು ನೋಡಿ. ಅದರಲ್ಲಿ ಕಳ್ಳಕಡಲ್ ಎಚ್ಚರಿಕೆ ಇದ್ದರೆ ನೀರಿಗೆ ಇಳಿಯಲೇಬೇಡಿ. ಇಲ್ಲಿ ಗಾಳಿ ಇರುವುದಿಲ್ಲ, ಆಕಾಶ ಶುಭ್ರವಾಗಿರುತ್ತದೆ, ಆದರೂ ದೂರದ ಅಲೆ ಬಂದು ಕಡಲು ಇದ್ದಕ್ಕಿದ್ದ ಹಾಗೆ ದಡ ಹತ್ತುತ್ತದೆ. ಕಳ್ಳನ ಹಾಗೆ ಬರುವುದಕ್ಕೇ ಕೇರಳದವರು ಆ ಹೆಸರು ಇಟ್ಟದ್ದು.

ಇನ್ನು ಆಷಾಢದಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋದವರಿಗೆ ಆ ಗಾಳಿ ಗೊತ್ತಿರುತ್ತದೆ, ಸೆರಗು ನಿಲ್ಲುವುದಿಲ್ಲ. ಕರಾವಳಿಯಲ್ಲಿ ಅದೇ ಮುಂಗಾರು ಗಾಳಿ ನೇರವಾಗಿ ಕಡಲಿನ ಮೇಲಿಂದ ಬರುತ್ತದೆ. ಅಡ್ಡಕ್ಕೆ ಒಂದು ಬೆಟ್ಟ ಇಲ್ಲ, ಮರ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ನಿಷೇಧ ಮೀನಿನ ಸಂತಾನಕ್ಕಾಗಿ, ಆದರೆ ಆ ಎರಡು ತಿಂಗಳ ಕಡಲು ಹೇಗಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.


ಯಾದವಗಿರಿ ತಾತ

ಮಕ್ಕಳೇ, ನಿಮ್ಮ ಉತ್ಸಾಹಕ್ಕೆ ನೀರು ಎರಚಬೇಕು ಅಂತಲ್ಲ. 2024ರ ಡಿಸೆಂಬರಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ನಾಲ್ಕು ಶಾಲಾ ಹುಡುಗಿಯರು ಸಮುದ್ರದ ಪಾಲಾದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅವರೂ ನಮ್ಮ ಹಾಗೆ ಒಳನಾಡಿನವರು. ನಮ್ಮವರಿಗೆ ಕೆರೆ ಗೊತ್ತು, ಹೊಳೆ ಗೊತ್ತು. ಸಮುದ್ರ ಗೊತ್ತಿಲ್ಲ. ಹೆಣ್ಣುಮಗಳನ್ನು ಅಲ್ಲಿ ನೀರಿಗೆ ಇಳಿಸೋಕೆ ಧೈರ್ಯ ಹೇಗೆ ಬಂತಮ್ಮ?


ಕುವೆಂಪುನಗರದ ಅಮ್ಮ

ತಾತ, ನಿಮ್ಮ ಮಾತು ನನಗೆ ಅರ್ಥವಾಗುತ್ತೆ. ಹೋಗುವ ಹಿಂದಿನ ರಾತ್ರಿ ನಾನೂ ನಿದ್ದೆ ಮಾಡಲಿಲ್ಲ. ಧೈರ್ಯ ಬಂದದ್ದು ಭಾನುವಾರದ ಆ ಹುಡುಗನನ್ನು ನೋಡಿ. ನೀರಿಗೆ ಇಳಿಸುವ ಮೊದಲು ಕಾಲು ಗಂಟೆ ದಡದಲ್ಲಿ ಕೂರಿಸಿ ಕಡಲು ತೋರಿಸಿದ. ಮಗಳು ಕೊನೆಯವರೆಗೂ ಸೊಂಟದ ಮಟ್ಟದ ನೀರಲ್ಲೇ ಇದ್ದಳು. ಮಧ್ಯಾಹ್ನ ಅಪ್ಪ ಅಮ್ಮ ಸುಮ್ನೆ ಕಾಲು ನೆನೆಸೋಕೆ ಅಂತ ಬಿಡೋದಕ್ಕಿಂತ ಇದೇ ಸುರಕ್ಷಿತ ಅಂತ ನನಗೆ ಅನ್ನಿಸಿತು.


ಮಂಡ್ಯ, ನಾಲೆ ಪಕ್ಕ

ತಾತನ ಮಾತು ಸರಿ. ನಾನು ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜು ಕಲಿತವನು. ತೂಬಿನ ಹತ್ತಿರ ಹೋಗಬಾರದು ಅಂತ ಐದು ವರ್ಷಕ್ಕೇ ಗೊತ್ತಿತ್ತು. ಆ ಧೈರ್ಯದಲ್ಲಿ ಎರಡು ವರ್ಷದ ಹಿಂದೆ ಕರಾವಳಿಯ ಒಂದು ಬೀಚ್‌ನಲ್ಲಿ ಇಳಿದೆ. ಬಲಗಡೆ ತೆರೆ ಜೋರಾಗಿ ಬೀಳುತ್ತಿತ್ತು, ಎಡಗಡೆ ಒಂದು ಹತ್ತು ಮಾರು ಜಾಗ ತಣ್ಣಗೆ, ತೆರೆಯೇ ಇಲ್ಲದೆ ಇತ್ತು. ಇದೇ ವಾಸಿ ಅಂತ ಅಲ್ಲಿ ಇಳಿದೆ. ಎದೆಮಟ್ಟ ನೀರು. ಎರಡು ನಿಮಿಷದಲ್ಲಿ ಕಾಲಿಗೆ ನೆಲ ಸಿಗಲಿಲ್ಲ. ದಡದ ಕಡೆ ಎಷ್ಟು ಕೈ ಬೀಸಿದರೂ ದಡ ದೂರವೇ ಹೋಗುತ್ತಿತ್ತು. ನನ್ನ ತಮ್ಮ ಕೂಗಿಕೊಂಡ, ಮೀನುಗಾರರೊಬ್ಬರು ದೋಣಿಯಿಂದ, "ದಡದ ಕಡೆ ಈಜಬೇಡ, ಪಕ್ಕಕ್ಕೆ ಹೋಗು, ಪಕ್ಕಕ್ಕೆ" ಅಂತ ಕೈ ಮಾಡಿ ತೋರಿಸಿದರು. ದಡಕ್ಕೆ ಸಮಾನಾಂತರವಾಗಿ ಈಜಿದೆ. ತೆರೆ ಬೀಳುವ ಜಾಗ ಸಿಕ್ಕಿದ ಕೂಡಲೇ ಆ ತೆರೆಗಳೇ ನನ್ನನ್ನು ತಂದು ದಡಕ್ಕೆ ಹಾಕಿದವು. ಅರ್ಧ ಗಂಟೆ ಮರಳಲ್ಲಿ ಬಿದ್ದುಕೊಂಡಿದ್ದೆ.

ಅವರು ಆಮೇಲೆ ವಿವರಿಸಿದ್ದು ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುತ್ತೆ. ಗದ್ದೆಗೆ ನೀರು ಕಟ್ಟಿದಾಗ ಒಂದು ಕಡೆ ಬದು ಕಿತ್ತುಕೊಂಡರೆ ಏನಾಗುತ್ತೆ? ಇಡೀ ಗದ್ದೆಯ ನೀರು ಅದೊಂದೇ ಕಂಡಿಯಲ್ಲಿ ನುಗ್ಗುತ್ತೆ. ಕಡಲಲ್ಲೂ ಅಷ್ಟೇ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬ ಇರುತ್ತೆ, ಅದೇ ಬದು. ತೆರೆ ಅದನ್ನು ದಾಟಿ ನೀರು ತಂದು ಒಳಗೆ ತುಂಬಿಸುತ್ತಲೇ ಇರುತ್ತೆ. ದಿಬ್ಬ ಎಲ್ಲಿ ಕಿತ್ತಿದೆಯೋ ಅಲ್ಲಿಂದ ಅಷ್ಟೂ ನೀರು ವಾಪಸ್ ಹೋಗುತ್ತೆ. ಅಲ್ಲಿ ಆಳ ಜಾಸ್ತಿ, ಅದಕ್ಕೇ ತೆರೆ ಮುರಿಯಲ್ಲ, ನಮಗೆ ತಣ್ಣಗೆ ಕಾಣುತ್ತೆ.

ಆವತ್ತಿನಿಂದ ಯಾವ ಬೀಚ್‌ಗೆ ಹೋದರೂ ಮೊದಲು ಹತ್ತು ನಿಮಿಷ ನಿಂತು ನೋಡುತ್ತೇನೆ. ಎಳನೀರು ಕುಡಿದ ಬುರುಡೆ ಒಡೆಸಿ, ಸಿಪ್ಪೆಯ ಒಂದು ಚೂರನ್ನು ನೀರಿಗೆ ಎಸೆಯುತ್ತೇನೆ. ಅದು ದಡಕ್ಕೆ ಬಂದರೆ ಸರಿ. ಸೀದಾ ಒಳಗೆ ಹೋದರೆ ಆ ಜಾಗ ಬೇಡ.


ಹಳೆಯಂಗಡಿ ಮಗಳು, ಮೈಸೂರು ಸೊಸೆ

ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಇದನ್ನು ಯಾರಾದರೂ ಶಾಲೆಗಳಲ್ಲಿ ಹೇಳಬೇಕು. ಅಳಿವೆ ಬಾಗಿಲಲ್ಲಿ ಇದು ಇನ್ನೂ ಜಾಸ್ತಿ. ಇಳಿತದ ಹೊತ್ತಲ್ಲಿ ಹೊಳೆಯ ನೀರೂ ಸೇರಿಕೊಂಡು ಹೊರಗೆ ಎಳೆಯುತ್ತೆ. ಸಸಿಹಿತ್ಲಿನಲ್ಲಿ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಾಯಿಸುತ್ತೆ, ಕಡಲ್ಕೊರೆತದಲ್ಲಿ ಗಾಳಿಮರಗಳು ಬೇರು ಸಮೇತ ಬಿದ್ದದ್ದು ನಾನೇ ನೋಡಿದ್ದೇನೆ. ಹೋದ ವರ್ಷ ಇಳಿದ ಜಾಗ ಈ ವರ್ಷ ಹಾಗೇ ಇರುತ್ತೆ ಅಂತ ತಿಳಿಯಬೇಡಿ, ಊರವರನ್ನು ಕೇಳಿ. ಜೀವರಕ್ಷಕರು ಇರುವ ಕಡೆ ಕೆಂಪು-ಹಳದಿ ಬಾವುಟ ಎರಡು ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ಇಳಿಯಬೇಕು. ಬರೀ ಕೆಂಪು ಬಾವುಟ ಕಂಡರೆ ಕಾಲೂ ಇಡಬೇಡಿ.


ಸರಸ್ವತಿಪುರಂ ಈಜುಕೊಳ

ಹೆಬ್ಬಾಳದವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಈಜು ಬರದಿದ್ದರೂ ಸೊಂಟದ ನೀರಲ್ಲಿ ಕಲಿಸುವವರು ಇದ್ದಾರೆ. ಆದರೆ ನನ್ನ ಸಲಹೆ ಬೇರೆ. ವಿಶ್ವವಿದ್ಯಾನಿಲಯದ ಈಜುಕೊಳ ಇಲ್ಲೇ ಇದೆ, ಎರಡು ತಿಂಗಳು ಬನ್ನಿ. ವೇಗ ಬೇಡ. ನಿಲ್ಲಿಸದೆ ಇನ್ನೂರು ಮೀಟರ್ ಈಜೋದು, ಐದು ನಿಮಿಷ ಅಂಗಾತ ತೇಲೋದು, ನೀರು ಮುಖಕ್ಕೆ ಎರಚಿದರೂ ಗಾಬರಿಯಾಗದೆ ಉಸಿರಾಡೋದು. ಇಷ್ಟು ಬಂದರೆ ಸಾಕು. ನಾನು ನಲವತ್ತೆಂಟಕ್ಕೆ ಶುರು ಮಾಡಿದೆ. ಮೊದಲ ದಿನ ಬೋರ್ಡ್ ಮೇಲೆ ಸುಸ್ತಾಗಿದ್ದು ಕಾಲಲ್ಲ, ಭುಜ. ಬೋರಲು ಮಲಗಿ ಎರಡೂ ಕೈಯಲ್ಲಿ ನೀರು ಹೊಡೆಯೋದೇ ಮುಕ್ಕಾಲು ಭಾಗ, ನಿಲ್ಲೋದು ಕೊನೆಯ ಕಾಲು ಭಾಗ.

ಇನ್ನೊಂದು. ಕುವೆಂಪುನಗರದ ಮೇಡಂ ಮೊಣಕಾಲಿಗೆ ಪೆಟ್ಟಾದದ್ದು ಯಾಕೆ ಅಂತ ನನಗೆ ಗೊತ್ತು. ತೆರೆ ಬರುವಾಗ ಬೋರ್ಡನ್ನು ಅಡ್ಡ ಹಿಡಿದುಕೊಂಡು ಅದರ ಹಿಂದೆ ನಿಂತಿರುತ್ತೀರಿ. ನಿಮಗೂ ತೆರೆಗೂ ನಡುವೆ ಬೋರ್ಡ್ ಯಾವತ್ತೂ ಬರಬಾರದು. ಪಕ್ಕದಲ್ಲಿರಲಿ, ಮೂತಿ ತೆರೆಯ ಕಡೆಗಿರಲಿ. ಬಿದ್ದರೆ ಅಗಲವಾಗಿ ಬೀಳಿ, ತಲೆ ಮುಂದೆ ಮಾಡಿ ಧುಮುಕಬೇಡಿ. ಮೇಲೆ ಬರುವಾಗ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬನ್ನಿ. ಎಂಥ ಸಂದರ್ಭದಲ್ಲೂ ಬೋರ್ಡ್ ಬಿಡಬೇಡಿ. ಹೊರಗೆ ಎಳೆದುಕೊಂಡು ಹೋದರೂ ಅದು ತೇಲುತ್ತೆ, ನಿಮ್ಮನ್ನೂ ತೇಲಿಸುತ್ತೆ.


ಕುವೆಂಪುನಗರದ ಅಮ್ಮ

ಹೌದು ಸರ್, ಅಡ್ಡವೇ ಹಿಡಿದಿದ್ದೆ. ಶನಿವಾರ ಯಾರೂ ಹೇಳಿರಲಿಲ್ಲ.


ಹೆಬ್ಬಾಳ ರಿಂಗ್ ರೋಡ್

ಎಲ್ಲರಿಗೂ ಥ್ಯಾಂಕ್ಸ್. ಸೋಮವಾರದಿಂದ ಈಜುಕೊಳಕ್ಕೆ ಸೇರುತ್ತೇನೆ. ಅಂದ ಹಾಗೆ, 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ನಡೆದಾಗ ರಮೇಶ್ ಬುದಿಹಾಳ್ ಕಂಚು ಗೆದ್ದರಲ್ಲ, ಆ ವಿಡಿಯೋ ನೋಡಿಯೇ ನನಗೆ ಈ ಆಸೆ ಹುಟ್ಟಿದ್ದು. ಊಟ ಹೇಗಕ್ಕಾ ಅಲ್ಲಿ? ನಾನು ಸಸ್ಯಾಹಾರಿ.


ಹಳೆಯಂಗಡಿ ಮಗಳು, ಮೈಸೂರು ಸೊಸೆ

ಚಿಂತೆ ಬೇಡ. ನೀರಿಗೆ ಹೋಗುವ ಮೊದಲು ಒಂದು ಬಾಳೆಹಣ್ಣು ಸಾಕು, ಹೊಟ್ಟೆ ಮೇಲೇ ಮಲಗಬೇಕಲ್ಲ. ಎದ್ದು ಬಂದ ಮೇಲೆ ಬನ್ಸ್, ಗೋಳಿಬಜೆ, ನೀರುದೋಸೆಗೆ ಕಾಯಿ-ಬೆಲ್ಲ. ಮಧ್ಯಾಹ್ನ ಗಾಳಿ ಜೋರಾದಾಗ ಸುಮ್ನೆ ರೂಮಲ್ಲಿ ಕೂರಬೇಡಿ, ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಹೋಗಿ ಬನ್ನಿ. ಬಪ್ಪ ಅನ್ನುವ ಬ್ಯಾರಿ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ್ದು ಅಂತ ಕತೆ, ಅವರ ಹೆಸರೇ ಊರಿಗೆ. ಅಲ್ಲಿನ ದೊಡ್ಡ ಡೋಲು ನೋಡಿ. ಸಂಜೆ ಕಾಪು ದೀಪಸ್ತಂಭ. 1901ರದ್ದು, ಬಂಡೆ ಮೇಲೆ ನಿಂತಿದೆ. ಮೇಲೆ ಹತ್ತೋಕೆ ಬಿಡುವ ಹೊತ್ತಿಗೆ ಹೋದರೆ ಗಾಳಿಗೆ ಕಂಬಿ ಬಿಗಿಯಾಗಿ ಹಿಡಿದುಕೊಂಡೇ ನಿಲ್ಲಬೇಕು.


ಯಾದವಗಿರಿ ತಾತ

ಬದು ಕಿತ್ತ ಗದ್ದೆಯ ಮಾತು ನನಗೆ ಮನಸ್ಸಿಗೆ ನಾಟಿತು. ನಮ್ಮ ಅಪ್ಪನದು ಪಾಂಡವಪುರದ ಹತ್ತಿರ ಗದ್ದೆ ಇತ್ತು, ಕಂಡಿ ಕಟ್ಟೋಕೆ ರಾತ್ರಿ ಲಾಟೀನು ಹಿಡಿದು ಹೋಗುತ್ತಿದ್ದೆ. ಮೊಮ್ಮಗ ಒಂದು ವರ್ಷದಿಂದ ಕೇಳುತ್ತಿದ್ದಾನೆ, ಬೇಡ ಅನ್ನುತ್ತಲೇ ಬಂದಿದ್ದೇನೆ. ಕುವೆಂಪುನಗರದಮ್ಮ, ನೀವು ಮತ್ತೆ ಯಾವಾಗ ಹೋಗುತ್ತೀರಿ?


ಕುವೆಂಪುನಗರದ ಅಮ್ಮ

ದಸರಾ ರಜೆಯ ಜನಜಂಗುಳಿ ಮುಗಿದ ಮೇಲೆ ತಾತ, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರ. ಮಳೆಗಾಲದ ಘಾಟಿ ನನಗೆ ಭಯ, 2018ರಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದದ್ದು ಮರೆತಿಲ್ಲ. ಈ ಸಲ ರೈಲಲ್ಲೇ. ಮೊಮ್ಮಗನನ್ನು ಕಳಿಸಿ, ನೀವೂ ಬನ್ನಿ. ಬೆಳಿಗ್ಗೆ ಆರಕ್ಕೆ ದಡದಲ್ಲಿ ಒಂದು ಕುರ್ಚಿ ಹಾಕಿಸುತ್ತೇನೆ. ತೆಂಗಿನ ಗರಿ ನೋಡುತ್ತಾ ಕೂತಿರಿ, ಗಾಳಿ ತಿರುಗಿದ ಕೂಡಲೇ ಮಕ್ಕಳನ್ನು ಕೂಗಿ ಕರೆಯೋ ಕೆಲಸ ನಿಮ್ಮದು.


ಮಂಡ್ಯ, ನಾಲೆ ಪಕ್ಕ

ನಾನೂ ನನ್ನ ತಮ್ಮನೂ ಸೇರುತ್ತೇವೆ. ರೈಲು ಮಂಡ್ಯದಲ್ಲಿ ನಿಲ್ಲದಿದ್ದರೆ ಮೈಸೂರಿಗೇ ಬಂದು ಹತ್ತುತ್ತೇವೆ.